ಅತ್ತೆ ಇಲಿ ನೋಡಿದ ಭಾನುವಾರ

ಪಿಎಚ್‌ಡಿ ಮಾಡುತ್ತಿದ್ದ ವರ್ಷಗಳಲ್ಲಿ ನನ್ನ ಭಾನುವಾರಗಳೂ ಇಲಿಗಳ ಪಾಲಾಗಿದ್ದವು. ಕೊಬ್ಬಿನ ಆಹಾರ ತಿನ್ನಿಸಿ, ಒಂದು ಔಷಧಿ ಚುಚ್ಚಿ, ಅವುಗಳಲ್ಲಿ ನಮ್ಮ ಟೈಪ್ ಟು ಡಯಾಬಿಟಿಸ್‌ನಂಥದೇ ಕಾಯಿಲೆ ಬರಿಸುತ್ತಿದ್ದೆವು. ಆಮೇಲೆ ರಕ್ತ, ಮೂತ್ರ ಪರೀಕ್ಷಿಸಿ, ಕಿಡ್ನಿ ಕೆಡುವ ಸುಳಿವು ಮೊದಲು ಯಾವುದರಲ್ಲಿ ಕಾಣುತ್ತದೆ ಎಂದು ಹುಡುಕುವುದು ನನ್ನ ಕೆಲಸ.

ಕಾವೂರಿನ ನಮ್ಮ ಮನೆಯಲ್ಲಿ ಅತ್ತೆಗೆ ಇಲಿ ಎಂದರೆ ಹೇಸಿಗೆ. ಲ್ಯಾಬಿನಿಂದ ಬಂದವಳು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಆದರೆ ಆ ಸ್ನಾನಕ್ಕೆ ಬಿಸಿನೀರು ಕಾಯಿಸಿಟ್ಟು, ಮೀನು ಸಾರು ಮುಚ್ಚಿಟ್ಟು ಕಾಯುತ್ತಿದ್ದವರೂ ಅವರೇ.

ಒಂದು ಭಾನುವಾರ ಪಡೀಲಿನ ನೆಂಟರ ಮನೆಗೆ ಹೊರಟಿದ್ದೆವು. ದಾರಿಯಲ್ಲಿ ನನಗೆ ಲ್ಯಾಬಿಗೆ ಹೋಗಿಬರಬೇಕಿತ್ತು. ಅತ್ತೆ ಗೊಣಗುತ್ತಲೇ ಜೊತೆಗೆ ಬಂದರು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಕಾರಿಡಾರಿನ ಗಾಜಿನ ಕಿಟಕಿಯ ಬಳಿ ನಿಂತರು. ಒಳಗೆ, ಮೂತ್ರ ಸಂಗ್ರಹಿಸಲೆಂದು ಪಂಜರದಲ್ಲಿ ಒಂಟಿಯಾಗಿಟ್ಟ ಇಲಿಯೊಂದು ಬಾಟಲಿಯ ನಳಿಗೆಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿತ್ತು. ನಾನು ಕೆಲಸ ಮುಗಿಸಿ ಹೊರಬಂದಾಗಲೂ ಅವರು ಅದನ್ನೇ ನೋಡುತ್ತಿದ್ದರು.

“ಅದಕ್ಕೆ ಎಂತ ಅಷ್ಟು ಬಾಯಾರಿಕೆ?”

ಸಕ್ಕರೆ ಹೆಚ್ಚಾದರೆ ಮೂತ್ರವೂ ಹೆಚ್ಚು ಹೋಗುತ್ತದೆ, ಕುಡಿದಷ್ಟೂ ಸಾಲುವುದಿಲ್ಲ ಎಂದೆ. ತಿಂದರೂ ಸಪೂರ ಆಗ್ತದಾ ಎಂದು ಕೇಳಿದರು. ಕೆಲವು ಆಗುತ್ತವೆ ಎಂದೆ. ಇಬ್ಬರೂ ಬಸ್ ಸ್ಟಾಪಿಗೆ ನಡೆದೆವು. ಅಲ್ಲಿ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದರು:

“ನನಗೂ ಹಾಗೆಯೇ ಉಂಟು ಮಾರಾಯ್ತಿ. ರವಿಕೆ ಎಲ್ಲ ಸಡಿಲ ಆಗಿದೆ. ಸೆಕೆಗೆ ಅಂತ ತಿಳಿದಿದ್ದೆ.”

ಮರುದಿನವೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಸಕ್ಕರೆ ಏರಿತ್ತು. ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ರಕ್ತದ ಕ್ರಿಯಾಟಿನಿನ್ ಸರಿಯಾಗಿಯೇ ಇತ್ತು. ಕಿಡ್ನಿ ಕೆಡತೊಡಗಿದರೆ ಅದಕ್ಕೂ ಮೊದಲೇ ಮೂತ್ರಕ್ಕೆ ಸೋರುವ ಪ್ರೋಟೀನ್ ಅಲ್ಬುಮಿನ್; ಅದನ್ನೂ ನೋಡಿ ಎಂದು ನಾನೇ ಕೇಳಿಕೊಂಡೆ. ಅದು ಸ್ವಲ್ಪ ಸೋರಲು ಶುರುವಾಗಿತ್ತು. ಒಳ್ಳೆಯ ಸಮಯಕ್ಕೆ ಬಂದಿರಿ, ಇದನ್ನು ಈಗ ಹಿಡಿದು ನಿಲ್ಲಿಸಬಹುದು ಎಂದರು ಡಾಕ್ಟರು. ಅತ್ತೆ ಮಾತ್ರೆ ತಪ್ಪಿಸಲಿಲ್ಲ, ಕುಚ್ಚಲಕ್ಕಿ ಅನ್ನ ಅರ್ಧಕ್ಕೆ ಇಳಿಸಿದರು, ಬೆಳಗ್ಗೆ ಕಾವೂರು ಕೆರೆಗೆ ಸುತ್ತು ಹಾಕತೊಡಗಿದರು. ಕೆಲವು ತಿಂಗಳಲ್ಲಿ ಆ ಸೋರಿಕೆ ಇಳಿಯಿತು.

ಅಷ್ಟರಲ್ಲಿ ಆ ಇಲಿ ಇರಲಿಲ್ಲ. ಪ್ರಯೋಗ ಮುಗಿದಾಗ ಎಲ್ಲವನ್ನೂ ಅರಿವಳಿಕೆ ಕೊಟ್ಟು ಕೊನೆಗೊಳಿಸಿ, ಕಿಡ್ನಿ ತೆಗೆದಿದ್ದೆವು. ಆ ದಿನ ಅದರ ಪಂಜರದ ಮುಂದೆ ನಿಂತು ಮನಸ್ಸಿನಲ್ಲೇ ಕೈಮುಗಿದಿದ್ದೆ. ಅದರ ಋಣ ನಮ್ಮ ಮನೆಯ ಮೇಲೆ ಉಂಟು.

ಪಿಎಚ್‌ಡಿಯ ಕೊನೆಗೆ ನನ್ನ ವೈವಾಕ್ಕೆ, ಎಂದರೆ ಮೌಖಿಕ ಪರೀಕ್ಷೆಗೆ, ಅತ್ತೆ ರೇಷ್ಮೆ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು. ಅಲ್ಬುಮಿನ್ನಿನ ಗ್ರಾಫ್ ಪರದೆಯ ಮೇಲೆ ಬಂದಾಗ ಪಕ್ಕದವರ ಕಡೆ ಬಾಗಿ, ಅದು ಎಂತದ್ದೆಂದು ತುಳುವಿನಲ್ಲಿ ವಿವರಿಸುತ್ತಿರುವುದು ಕಾಣಿಸಿತು.