ಮೊದಲು ಹೆಸರು ಹೇಳ್ರಿ

ಬೋರ್ಡಿನ ಮೇಲೆ ಏಳರ ಮಗ್ಗಿ ಬರೆಯುತ್ತಿದ್ದೆ. ಬಲಗೈ ಮೇಲಕ್ಕೆತ್ತಿದಾಗ ಭುಜದ ತುದಿಯಲ್ಲಿ ಚಳಕು ಹೊಡೆಯಿತು. ಸೀಮೆಸುಣ್ಣ ಕೈಯಿಂದ ಜಾರಿ ಬಿತ್ತು. ಮಕ್ಕಳು ನಕ್ಕರು, ನಾನೂ ನಕ್ಕೆ. ದಿನವಿಡೀ ಬರೆದರೆ ಕೈ ನೋಯದೆ ಇರುತ್ತದೆಯೇ ಎಂದುಕೊಂಡೆ.

ಸಂಜೆ ಚಳಿಜ್ವರ ಬಂತು.

ನಾನು ಕುರ್ಲಾದ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ರೈಲ್ವೆ ಆಫೀಸಿನ ಕಾರಕೂನರನ್ನು ಮದುವೆಯಾಗಿ ಮುಂಬೈಗೆ ಬಂದವಳು. ಶಾಲೆಯ ಮಕ್ಕಳಿಗೆ ನಾನು ಅಕ್ಕೋರು. ನನ್ನ ದನಿ ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರ ದೂರು. ಎರಡೂ ನಿಜ. ಆದರೆ ಆ ಜ್ವರ ಬಂದ ಮೇಲೆ ದನಿ ಕುಗ್ಗಿತು. ಜೋರಾಗಿ ಉಸಿರೆಳೆದರೆ ಬಲಪಕ್ಕೆಯಲ್ಲಿ ಚುಚ್ಚುತ್ತಿತ್ತು. ಸಣ್ಣ ಕೆಮ್ಮು ಸೇರಿಕೊಂಡಿತು. ಸೀರೆ ಉಟ್ಟರೆ ನೆರಿಗೆ ನಿಲ್ಲದಷ್ಟು ಸೊರಗಿದೆ.

ನಮ್ಮ ಗಲ್ಲಿಯ ಡಾಕ್ಟರು ಎಕ್ಸ್‌ರೇ ತೆಗೆಸಲು ಹೇಳಿದರು. ತೆಗೆಸಿದೆವು. ಬಲಗಡೆ ಶ್ವಾಸಕೋಶದ ಬುಡದಲ್ಲಿ ಬಿಳಿಯ ನೆರಳು ಕಂಡಿತು. ಅವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ನನ್ನ ಕಡೆ ನೋಡದೆ ನಮ್ಮವರ ಕಡೆ ನೋಡಿ ಹೇಳಿದರು.

"ಟಿ.ಬಿ. ಇರಬಹುದು."

ಒಂದಕ್ಕೊಂದು ಅಂಟಿದ ಖೋಲಿಗಳ ನಮ್ಮ ಚಾಳಿನಲ್ಲಿ ಗುಟ್ಟು ಎಂಬುದು ಇರುವುದಿಲ್ಲ. ಸಂಜೆಯ ಹೊತ್ತಿಗೆ ಪಕ್ಕದ ಖೋಲಿಯವರು ನಲ್ಲಿಯ ಹತ್ತಿರ ನನ್ನ ಬಿಂದಿಗೆಯನ್ನು ದೂರ ಸರಿಸಿಟ್ಟರು. ನನ್ನ ನಾದಿನಿ ಮುಲುಂಡಿನಿಂದ ಬಂದು ನಮ್ಮ ಆರು ವರ್ಷದ ಮಗಳು ಶಾಂತಾಳನ್ನು ಕರೆದುಕೊಂಡು ಹೋದಳು. ಒಳ್ಳೆಯದಕ್ಕೇ ಹೋದಳು, ನಾನೇ ಹೋಗಿ ಬಾ ಎಂದೆ. ಆದರೆ ಹೊಸ್ತಿಲಲ್ಲಿ ಆಕೆ ಮಗುವಿಗೆ ಹೇಳಿದ ಮಾತು ಎದೆಗೆ ನಾಟಿತು. "ಅವ್ವನ್ನ ಮುಟ್ಟಬ್ಯಾಡವ್ವಾ. ಅಲ್ಲಿಂದನ ಹೋಗಿಬರ್ತೇನಂತ ಹೇಳು." ಶಾಂತಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೋಗಿಬರ್ತೇನವ್ವಾ ಎಂದಳು.

ದೊಡ್ಡ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನನಗೆ ಬೆಡ್ ಸಿಕ್ಕಿತು. ಬಾಗಿಲ ಪಕ್ಕದ ಬೆಡ್. ಆ ಆಸ್ಪತ್ರೆಯಲ್ಲೇ ಡಾಕ್ಟರಿಕೆ ಕಲಿಸುತ್ತಾರೆ. ಹಾಗಾಗಿ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ಹೋದ ಮೇಲೆ ಬಿಳಿ ಕೋಟಿನ ಹುಡುಗರ ಹಿಂಡು ಬರುತ್ತಿತ್ತು. ಚಾದರ ಎಳೆಯುವರು. ಒಬ್ಬನ ಕೈ ಪಕ್ಕೆಯ ಮೇಲೆ, ಇನ್ನೊಬ್ಬನ ಸ್ಟೆತಾಸ್ಕೋಪು ಬೆನ್ನ ಮೇಲೆ. ಎಲ್ಲರ ಕೈಯೂ ತಣ್ಣಗೆ. ಯಾರು, ಏನು, ಯಾಕೆ, ಯಾವುದೂ ಇಲ್ಲ. ನನ್ನ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನಗೆ ಇಂಗ್ಲಿಷ್ ಬರುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ. ಒಬ್ಬ ಇನ್ನೊಬ್ಬನಿಗೆ, ಬಾಗಿಲ ಹತ್ತಿರದ ಚೆಸ್ಟ್ ಬಹಳ ಚೆನ್ನಾಗಿದೆ, ತಪ್ಪದೆ ಕೇಳು ಎಂದ. ಆ ಚೆಸ್ಟ್, ಆ ಎದೆಯ ಕೇಸು, ನಾನೇ.

ಒಂದು ದಿನ ಅವರಲ್ಲೊಬ್ಬ ಕಾಲ ಬಳಿ ನಿಂತು, ಹೊಟ್ಟೆ ಸಾಫಾಗುತ್ತದೆಯೇ ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಹಿಂದಿಯಲ್ಲಿ ಕೂಗಿದ. "ಬಾಯಿ, ಸಂಡಾಸ್ ಸಾಫ್ ಹೋತಾ ಹೈ?" ಸುತ್ತ ಏಳೆಂಟು ಗಂಡುಹುಡುಗರು. ಎದುರು ಬೆಡ್ಡಿನವಳ ಗಂಡ ಸ್ಟೂಲಿನ ಮೇಲೆ ಕೂತಿದ್ದಾನೆ. ನಾನು ಏನು ಹೇಳಲಿ? ಹಾಂ ಎಂದೆ. ನನ್ನ ಜಾಗದಲ್ಲಿ ಯಾವ ಹೆಂಗಸಿದ್ದರೂ ಹಾಂ ಎಂದೇ ಅನ್ನುತ್ತಿದ್ದಳು. ಅವನು ತಲೆಯಾಡಿಸಿ ಮುಂದೆ ಹೋದ.

ಅಷ್ಟರಲ್ಲಿ ನಮ್ಮವರು ಟಿ.ಬಿ. ರೋಗಿಗಳನ್ನು ಇಡುವ ಸ್ಯಾನಟೋರಿಯಮ್ಮಿನಲ್ಲಿ ಜಾಗಕ್ಕಾಗಿ ಓಡಾಡತೊಡಗಿದ್ದರು. ಅಲ್ಲಿಗೆ ಹೋದರೆ ವರ್ಷವೋ ಎರಡು ವರ್ಷವೋ, ಹೇಳುವವರಿಲ್ಲ. ವಾಸಿಯಾಗಿ ಬಂದರೂ ಎದೆರೋಗದವಳನ್ನು ಮಕ್ಕಳ ಮುಂದೆ ಯಾವ ಶಾಲೆಯವರು ನಿಲ್ಲಿಸುತ್ತಾರೆ? ಅದನ್ನಾದರೂ ಸಹಿಸಿಕೊಂಡೇನು. ಶಾಂತಾ ಮಾತ್ರ ನನ್ನಿಂದ ದೂರ ನಿಂತೇ ದೊಡ್ಡವಳಾಗುತ್ತಾಳೆ ಎಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಆ ಬೆಂಕಿಯೇ ಇರಬೇಕು ಮರುದಿನ ಮಾತಾಗಿ ಹೊರಬಿದ್ದದ್ದು. ಹುಡುಗರು ಬಂದರು. ಮುಂದಿದ್ದವನು ಚಾದರಕ್ಕೆ ಕೈ ಹಾಕಿದ. ನಾನು ಚಾದರವನ್ನು ಕೊರಳ ತನಕ ಎಳೆದು ಗಟ್ಟಿಯಾಗಿ ಹಿಡಿದುಕೊಂಡೆ. ಎಲ್ಲಿತ್ತೋ ಏನೋ, ನನ್ನ ಶಾಲೆಯ ದನಿ ವಾಪಸ್ಸು ಬಂತು. ಇಂಗ್ಲಿಷಿನಲ್ಲೇ ಕೇಳಿದೆ.

"ನಿನ್ನ ಹೆಸರೇನು?"

ಹುಡುಗ ಕೈ ಹಿಂದಕ್ಕೆಳೆದುಕೊಂಡ. "ಡಾಕ್ಟರ್," ಎಂದ.

"ಡಾಕ್ಟರ್ ಅನ್ನುವುದು ಹೆಸರಲ್ಲ. ನಿನ್ನ ತಾಯಿ ನಿನ್ನನ್ನು ಏನೆಂದು ಕರೆಯುತ್ತಾಳೆ?"

ಅವನು ಪಕ್ಕದವನ ಕಡೆ ನೋಡಿದ. ಪಕ್ಕದವನನ್ನು ಕೇಳಿದೆ. ಅವನೂ ಡಾಕ್ಟರ್. ಮೂರನೆಯವನೂ ಡಾಕ್ಟರ್. ಮೀಸೆ ಮೂಡದ ಇಷ್ಟೊಂದು ಡಾಕ್ಟರುಗಳು ಒಂದೇ ಬೆಡ್ಡಿಗೆ! ನಮ್ಮ ಶಾಲೆಯಲ್ಲಿ ಒಂದನೇ ಇಯತ್ತೆಯ ಮಗು ಕೂಡ ಮೊದಲ ದಿನ ಎದ್ದು ನಿಂತು ತನ್ನ ಹೆಸರು, ತಂದೆಯ ಹೆಸರು, ಊರು ಹೇಳಿ ಕೂಡುತ್ತದೆ. ಹೇಳದೆ ಕೂಡುವ ಹಾಗಿಲ್ಲ. ಇವರಿಗೆ ಅಷ್ಟನ್ನೂ ಯಾರೂ ಕಲಿಸಿರಲಿಲ್ಲ.

ಕೊನೆಯಲ್ಲಿ ನಿಂತಿದ್ದ ಸಪೂರ ಹುಡುಗನೊಬ್ಬ ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದ.

"ನನ್ನ ಹೆಸರು ದಿನಕರ. ನಾನು ಡಾಕ್ಟರ್ ಅಲ್ಲ, ಸ್ಟೂಡೆಂಟ್," ಎಂದು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಬೆಡ್ಡಿನ ತಲೆದಿಸೆಯಲ್ಲಿದ್ದ ನನ್ನ ಹೆಸರು ಓದಿ, ತಡವರಿಸುತ್ತ ಕನ್ನಡಕ್ಕೆ ತಿರುಗಿದ. "ಅಕ್ಕಾ, ನೀವು ಕನ್ನಡದವರಾ? ನಾನಿನ್ನೂ ಕಲೀಲಿಕ್ಕೆ ಉಂಟು. ನಿಮ್ಮನ್ನು ನೋಡಿದ್ರೆ ನಂಗೆ ಕಲೀಲಿಕ್ಕೆ ಆಗ್ತದೆ. ನೀವು ಬೇಡ ಅಂದ್ರೆ ಬೇಡ."

ಬೇಡ ಅಂದ್ರೆ ಬೇಡ. ಆ ಆಸ್ಪತ್ರೆಗೆ ಬಂದಂದಿನಿಂದ ನನಗೆ ಬೇಡ ಎನ್ನುವ ಹಕ್ಕಿದೆ ಎಂದು ಹೇಳಿದ ಮೊದಲ ಮನುಷ್ಯ ಅವನು. ತಕ್ಷಣ ನನಗೆ ಬೇಕು ಅನಿಸಿತು.

"ನೀ ಒಬ್ಬ ನಿಂದ್ರು. ಉಳಿದವರು ಹೋಗಲಿ," ಎಂದೆ.

ಅವರೆಲ್ಲ ಮುಖ ಸಪ್ಪೆ ಮಾಡಿಕೊಂಡು ಹೋದರು. ಸಿಸ್ಟರ್ ಓಡಿ ಬಂದು, ದೊಡ್ಡ ಡಾಕ್ಟರಿಗೆ ಹೇಳಿ ಬೆಡ್ ಖಾಲಿ ಮಾಡಿಸುತ್ತೇನೆಂದು ಮರಾಠಿಯಲ್ಲಿ ಸಿಡುಕಿದಳು. ಬೆಡ್ ಹೋದರೆ ಎಲ್ಲಿಗೆ ಹೋಗಲಿ? ಆದರೆ ಆಡಿದ ಮಾತನ್ನು ನುಂಗಿಕೊಳ್ಳುವ ಜಾಯಮಾನ ನನ್ನದಲ್ಲ.

ದಿನಕರ ಸ್ಟೂಲ್ ಎಳೆದುಕೊಂಡು ಕೂತ. ಅಷ್ಟು ದಿನ ಬಂದವರಲ್ಲಿ ಯಾರೂ ಕೂತಿರಲಿಲ್ಲ. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡ. ನಮ್ಮ ಕಡೆ ಹೊಸಬರ ಜೊತೆ ಯಾವ ಊರು, ಯಾರ ಪೈಕಿ ಎಂದು ಕೇಳದೆ ಮಾತು ಮುಂದೆ ಹೋಗುವುದಿಲ್ಲ. ಕೇಳಿದೆ. ತಂದೆಯದು ಅಂಧೇರಿ ಸ್ಟೇಷನ್ ಹತ್ತಿರ ಚಹಾ-ತಿಂಡಿಯ ಹೋಟೆಲು, ಊರು ಉಡುಪಿಯ ಕಡೆ, ತಾನು ಹುಟ್ಟಿದ್ದು ಇಲ್ಲೇ, ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ಅಜ್ಜಿಯಿಂದ ಬಂದದ್ದು. ಅವನು ಎಲ್ಲ ಹೇಳಿದ. ನಾನೂ ನನ್ನದು ಹೇಳಿದೆ. ಧಾರವಾಡ, ಶಾಲೆ, ಶಾಂತಾ. ಅಷ್ಟಾದ ಮೇಲೆ ಅವನು ಪರಕೀಯನಾಗಿ ಉಳಿಯಲಿಲ್ಲ.

ಆಮೇಲೆ ಪ್ರಶ್ನೆಗಳು. ಎಷ್ಟು ಪ್ರಶ್ನೆಗಳು! ತಲೆಯಿಂದ ಕಾಲಿನ ತನಕ ಒಂದೂ ಬಿಡದೆ ಕೇಳಿದ. ಉಳಿದವರಿಗೆ ನನ್ನ ರೋಗ ಯಾವುದೆಂದು ಎಕ್ಸ್‌ರೇ ಆಗಲೇ ಹೇಳಿಬಿಟ್ಟಿತ್ತು, ಕೇಳುವ ಅಗತ್ಯ ಅವರಿಗಿರಲಿಲ್ಲ. ತನಗೇನೂ ಗೊತ್ತಿಲ್ಲ ಎಂದು ಒಪ್ಪಿಕೊಂಡೇ ಕೂತವನು ಎಲ್ಲವನ್ನೂ ಕೇಳಬೇಕಾಯಿತು. ಹೊಟ್ಟೆಯ ವಿಷಯಕ್ಕೆ ಬಂದಾಗ ದನಿ ತಗ್ಗಿಸಿದ.

"ಅಕ್ಕಾ, ಒಂದು ಕೇಳ್ಬೇಕು. ನಾಚಿಕೆ ಆದ್ರೆ ಸಿಸ್ಟರ್ ಹತ್ರ ಹೇಳಿ, ನಾನು ಆಚೆ ಹೋಗ್ತೇನೆ. ಈಚೆಗೆ ಯಾವಾಗಾದ್ರೂ ಭೇದಿ ಆಗಿತ್ತಾ?"

ಆಗಿತ್ತು. ಮಳೆಗಾಲದಲ್ಲಿ ಚಾಳಿನ ನಲ್ಲಿಯಲ್ಲಿ ಕೆಸರು ಬಂದಾಗ ಶುರುವಾದದ್ದು, ವಾರಗಟ್ಟಲೆ ಕಾಡಿತ್ತು. ರಕ್ತವೂ ಬಿದ್ದಿತ್ತು. ದಾಳಿಂಬೆಯ ಸಿಪ್ಪೆ ಕುದಿಸಿ ಕುಡಿದು, ಮಜ್ಜಿಗೆ ಅನ್ನ ಉಂಡು ನಿಲ್ಲಿಸಿಕೊಂಡಿದ್ದೆ. ನಮ್ಮವರಿಗೂ ಪೂರ್ತಿ ಹೇಳಿರಲಿಲ್ಲ. ಎದೆಯ ರೋಗಕ್ಕೂ ಹೊಟ್ಟೆಗೂ ಏನು ಸಂಬಂಧ? ಆದರೆ ಈ ಹುಡುಗನಿಗೆ ಹೇಳಿದೆ. ತಮ್ಮನಿಗೆ ಹೇಳಿದ ಹಾಗೆ ಹೇಳಿದೆ.

ಅವನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಮುಟ್ಟಲಾ ಎಂದು ಕೇಳಿದ. ಹೂಂ ಎಂದೆ. ಬಲಪಕ್ಕೆಯ ಕೆಳಗಿನ ಎಲುಬುಗಳ ನಡುವೆ ಒಂದೇ ಬೆರಳು ಇಟ್ಟು, ಮೆಲ್ಲಗೆ ಸರಿಸುತ್ತ ಹೋಗಿ, ಒಂದು ಕಡೆ ಒತ್ತಿದ.

ನಾನು ಕಿರುಚಿದ್ದು ಹೊರಗಿನ ವರಾಂಡಕ್ಕೂ ಕೇಳಿಸಿತಂತೆ.

"ಅಯ್ಯೋ ದೇವರೇ, ತಪ್ಪಾಯ್ತಕ್ಕಾ!" ಎಂದು ಎದ್ದು ನಿಂತ. ಮುಖ ಬಿಳಿಚಿತ್ತು. ಏನಪ್ಪಾ, ಏನದು ಎಂದೆ. "ನಂಗೆ ಸರೀ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳಬಾರ್ದು. ನಾಳೆ ಸರ್ ಬಂದಾಗ ಹೇಳ್ತೇನೆ," ಎಂದು ಹೋದ.

ಮರುದಿನದ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ನನ್ನ ಬೆಡ್ಡಿನ ಹತ್ತಿರ ಬರುವ ಮೊದಲೇ ಸಿಸ್ಟರ್ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಹುಬ್ಬು ಗಂಟಿಕ್ಕಿಕೊಂಡೇ ಬಂದರು. ಆಗ ದಿನಕರ ಹಿಂದಿನ ಸಾಲಿನಿಂದ ಬಾಯಿ ಬಿಟ್ಟ. ರಕ್ತಭೇದಿ, ಭುಜದ ನೋವು, ಎಲುಬಿನ ಸಂದಿಯ ಆ ಒಂದು ಜಾಗ, ಎಲ್ಲ ಹೇಳಿದ. ಲಿವರ್ ಎಂಬ ಮಾತು ನನ್ನ ಕಿವಿಗೆ ಬಿತ್ತು. ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, ಇದು ನಿಜವೇ, ನಿಜವಾದರೆ ಮೊದಲು ಕೇಳಿದಾಗ ಯಾಕೆ ಹೇಳಲಿಲ್ಲ ಎಂದು.

ಹೋಗುವ ಬೆಡ್ಡು ಹೇಗಿದ್ದರೂ ಹೋಗುತ್ತದೆ. ನನಗೆ ಬಂದ ಮರಾಠಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಕೇಳಿದವರು ಯಾರೆಂದು ನನಗೆ ಗೊತ್ತಿರಲಿಲ್ಲ ಸಾಹೇಬರೇ. ದಾರಿಯಲ್ಲಿ ಹೋಗುವವನು ಕೇಳಿದರೆ ನಿಮ್ಮ ಮನೆಯ ಹೆಂಗಸರು ಹೇಳುತ್ತಾರೆಯೇ?"

ಹುಡುಗರೆಲ್ಲ ನೆಲ ನೋಡಿದರು. ದೊಡ್ಡ ಡಾಕ್ಟರು ಸ್ಟೂಲ್ ತರಿಸಿದರು. ಕೂತರು. ತಮ್ಮ ಪೂರ್ತಿ ಹೆಸರು ಹೇಳಿದರು, ಪಕ್ಕೆ ಮುಟ್ಟಿ ನೋಡಬಹುದೇ ಎಂದು ಕೇಳಿದರು. ಅದೇ ಜಾಗದ ಮೇಲೆ ಬೆರಳಿಟ್ಟು ಒತ್ತಿದರು. ನಾನು ಮತ್ತೆ ಕಿರುಚಿದೆ. ಅವರು ನಕ್ಕರು! ಮೈಯೆಲ್ಲ ಉರಿದುಹೋಯಿತು. ಆದರೆ ಅದು ಸಂತೋಷದ ನಗು ಎಂದು ಆಮೇಲೆ ತಿಳಿಯಿತು.

ಅದೇ ಮಧ್ಯಾಹ್ನ ಪಕ್ಕೆಗೆ ದಪ್ಪ ಸೂಜಿ ಹಾಕಿದರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಸಿರಿಂಜಿನೊಳಗೆ ಬೆಲ್ಲದ ಪಾಕದ ಬಣ್ಣದ ಕೀವು ಬಂತು. ದಿನಕರ ನನ್ನ ತಲೆಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ಟಿ.ಬಿ. ಅಲ್ಲಕ್ಕಾ."

ಲಿವರಿನಲ್ಲಿ ಬಾವು ಕಟ್ಟಿತ್ತು. ಭೇದಿಯ ಕ್ರಿಮಿಯೇ ಅಲ್ಲಿಗೆ ಹೋಗಿ ಕೂತಿತ್ತು. ಆ ಬಾವು ಮೇಲಕ್ಕೆ ಒತ್ತಿದ್ದರಿಂದ ಶ್ವಾಸಕೋಶದ ಬುಡದಲ್ಲಿ ನೆರಳು ಕಂಡಿತ್ತು. ಭುಜದ ನೋವೂ ಅದರದ್ದೇ. ಆ ಕ್ರಿಮಿಯನ್ನು ಕೊಲ್ಲುವ ಎಮೆಟೀನ್ ಇಂಜೆಕ್ಷನ್ ಶುರುವಾಯಿತು. ಅದು ಹೃದಯಕ್ಕೆ ಭಾರದ ಔಷಧಿಯಂತೆ, ಹಾಸಿಗೆಯಿಂದ ಏಳಕೂಡದು. ವಾಕರಿಕೆ, ಸುಸ್ತು, ತೊಡೆಯಲ್ಲಿ ಸೂಜಿಯ ಗಂಟುಗಳು. ಇರಲಿ! ಜ್ವರ ಬಿಟ್ಟಿತು. ಒಂದು ಬೆಳಿಗ್ಗೆ ಹಸಿವಾಯಿತು. ನಮ್ಮವರು ಡಬ್ಬಿಯಲ್ಲಿ ಜೋಳದ ರೊಟ್ಟಿ ತಂದರು. ನಾನು ತಿನ್ನುವುದನ್ನು ನೋಡುತ್ತ ಆ ಗಟ್ಟಿ ಮನುಷ್ಯ ಮುಖ ಆ ಕಡೆ ತಿರುಗಿಸಿಕೊಂಡರು. ಗೆದ್ದೆವು ಎಂದು ನನಗೆ ಖಾತ್ರಿಯಾದದ್ದು ಆಗಲೇ. ಸ್ಯಾನಟೋರಿಯಮ್ಮಿಗೆ ಕೊಟ್ಟ ಅರ್ಜಿಯನ್ನು ಅವರೇ ಹೋಗಿ ವಾಪಸ್ಸು ತೆಗೆದುಕೊಂಡರು.

ಆಮೇಲೆ ವಾರ್ಡಿನಲ್ಲಿ ನಡೆದದ್ದು ನೋಡುವ ಹಾಗಿತ್ತು. ದೊಡ್ಡ ಡಾಕ್ಟರು ತಮ್ಮ ಹುಡುಗರಿಗೆ ಕಟ್ಟಪ್ಪಣೆ ಮಾಡಿದ್ದರು. ಮೊದಲು ಹೆಸರು. ಆಮೇಲೆ ತಾನು ವಿದ್ಯಾರ್ಥಿ ಎಂಬ ಮಾತು. ಆಮೇಲೆ ನೋಡಬಹುದೇ ಎಂಬ ಪ್ರಶ್ನೆ. ಇಷ್ಟಾಗದೆ ಕೈ ಜೇಬಿನಿಂದ ಹೊರಗೆ ಬರಕೂಡದು. ಹುಡುಗರು ನನ್ನ ಬೆಡ್ಡಿನ ಹತ್ತಿರ ಬಂದು ಒಬ್ಬೊಬ್ಬರಾಗಿ ಒಪ್ಪಿಸುತ್ತಿದ್ದರು. ತಾಯಿ ಏನೆಂದು ಕರೆಯುತ್ತಾಳೆ ಎಂದು ನಾನು ಕೇಳಿದ್ದೆನಲ್ಲ, ಆ ಮೊದಲ ಹುಡುಗ ಕಿವಿ ಕೆಂಪಗೆ ಮಾಡಿಕೊಂಡು, "ಬಾಳ್ಯಾ," ಎಂದ. ಮರಾಠಿಯಲ್ಲಿ ಪುಟ್ಟಾ ಎಂದ ಹಾಗೆ. ಪಕ್ಕದ ಬೆಡ್ಡಿನ ಗುಜರಾತಿ ಅಜ್ಜಿಯೂ ಈ ಆಟ ಕಲಿತಳು. ಬಿಳಿ ಕೋಟು ಕಂಡರೆ ಸಾಕು, "ಪೆಹಲೆ ನಾಮ್ ಬೋಲ್!" ಎಂದು ಕೋಲೆತ್ತುತ್ತಿದ್ದಳು. ಸಿಸ್ಟರ್ ಕೂಡ ಇಂಜೆಕ್ಷನ್ ಕೊಡುವ ಮುನ್ನ ತನ್ನ ಹೆಸರು ಹೇಳಿ ನಕ್ಕಳು.

ಮಲಗಿದಲ್ಲೇ ಬಹಳ ಯೋಚಿಸಿದೆ. ಹೆಸರು ಹೇಳಿದ ಮಾತ್ರಕ್ಕೆ ರೋಗ ಹೋಗುವುದಿಲ್ಲ, ಹೋಗಲಾಡಿಸಿದ್ದು ಸೂಜಿ ಮತ್ತು ಔಷಧಿ. ಆದರೆ ಸೂಜಿ ಎಲ್ಲಿ ಚುಚ್ಚಬೇಕು ಎಂಬುದು ನನ್ನೊಳಗೆ ಇತ್ತು, ನನ್ನ ಬಾಯಿಂದಲೇ ಬರಬೇಕಿತ್ತು. ನೀನು ಯಾರೆಂದು ಹೇಳದೆ ನನ್ನ ಒಳಗನ್ನು ಕೇಳಿದರೆ ನಾನು ಹೇಗೆ ಕೊಡಲಿ? ಕಲಿಯುವವನು ಕಲಿಯುವವನೆಂದೇ ಹೇಳಿಕೊಂಡು ಬಂದರೆ ಯಾವ ರೋಗಿಯೂ ಬಾಗಿಲು ಹಾಕುವುದಿಲ್ಲ. ಕಲಿಸುವುದು ನನಗಂತೂ ಉಸಿರು.

ಮನೆಗೆ ಹೊರಟ ದಿನ ನಾದಿನಿ ಶಾಂತಾಳನ್ನು ಕರೆತಂದಿದ್ದಳು. ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲವಾದ್ದರಿಂದ ಕೆಳಗೆ ಮೆಟ್ಟಿಲ ಬಳಿ ನಿಂತಿದ್ದರು. ದಿನಕರ ನನ್ನ ತೋಳು ಹಿಡಿದು ಇಳಿಸಿದ. ಶಾಂತಾ ನನ್ನನ್ನು ನೋಡಿದಳು, ಓಡಿ ಬಂದಳು. ಹತ್ತಿರ ಬಂದವಳು ತಟ್ಟನೆ ನಿಂತಳು. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಬಾರವ್ವಾ, ಬಾ ಎಂದೆ. ಬರಲಿಲ್ಲ. ರೋಗ ನನ್ನ ಮೈಯಿಂದ ಹೋದರೂ ಮಗುವಿನ ಮನಸ್ಸಿನಿಂದ ಹೋಗಿರಲಿಲ್ಲ.

ದಿನಕರ ಬಿಳಿ ಕೋಟಿನಲ್ಲೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ನನ್ನ ಹೆಸರು ದಿನಕರ. ನಾನು ಡಾಕ್ಟರ್ ಅಲ್ಲ, ಸ್ಟೂಡೆಂಟ್. ನಿನ್ನ ಅಮ್ಮನಿಗೆ ಮೊದಲು ಹೇಳಿದ ಆ ರೋಗ ಇಲ್ಲವೇ ಇಲ್ಲ. ನಾನೇ ನೋಡಿದ್ದೇನೆ, ನಮ್ಮ ದೊಡ್ಡ ಡಾಕ್ಟರೂ ನೋಡಿದ್ದಾರೆ. ನೀನು ಯಾರು?"

ಶಾಂತಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಶಾಲೆಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

"ನನ್ನ ಹೆಸರು ಶಾಂತಾ. ನಾನೂ ಸ್ಟೂಡೆಂಟ್ ಇದ್ದೇನಿ. ಒಂದನೇ ಇಯತ್ತೆ."

ಆಮೇಲೆ ನನ್ನ ಕಡೆ ತಿರುಗಿದಳು. ಬೆನ್ನ ಹಿಂದಿನ ಕೈಗಳು ಮುಂದೆ ಬಂದವು.

"ಅವ್ವಾ, ಮುಟ್ಟಲೇನು?"

"ಮುಟ್ಟವ್ವಾ," ಎಂದೆ.