ನಮ್ಮ ಕಡೆಯ ಲೈನ್ಸ್‌ಮನ್

ನನಗೆ ಪ್ರಾಮಾಣಿಕರನ್ನು ಕಂಡರೆ ಸಿಟ್ಟು ಬರುತ್ತದೆ. ಎಲ್ಲ ಪ್ರಾಮಾಣಿಕರ ಮೇಲೂ ಅಲ್ಲ ಅನ್ನಿ, ಅಷ್ಟು ಕೆಟ್ಟವನಲ್ಲ ನಾನು. ಅಂಗಡಿಯವರು ಪ್ರಾಮಾಣಿಕರಾಗಿರಲಿ, ಡಾಕ್ಟರು ಪ್ರಾಮಾಣಿಕರಾಗಿರಲಿ, ಸ್ಟೇಷನ್ ಮುಂದೆ ನಾನು ಸೈಕಲ್ ನಿಲ್ಲಿಸುವ ಜಾಗದಲ್ಲಿ ಓಡಾಡುವವರಂತೂ ಖಂಡಿತ ಪ್ರಾಮಾಣಿಕರಾಗಿರಲಿ. ಆದರೆ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಮ್ಮದೇ ಕಡೆಯಿಂದ ಬಾವುಟ ಹಿಡಿದು ನಿಂತ ಮನುಷ್ಯ, ಎದುರಾಳಿಗಳು ನಮ್ಮ ಗೋಲಿನ ಮೇಲೆ ನುಗ್ಗುವಾಗ ಆ ಬಾವುಟವನ್ನು ಒಂದಿಷ್ಟು ಮೇಲೆತ್ತಿದರೆ ನಾವು ಬಚಾವು ಎಂದು ಗೊತ್ತಿದ್ದೂ, ಸುಮ್ಮನೆ ನಿಂತು ‘ಸರಿಯಾಗೇ ಇತ್ತು’ ಎಂದು ತಲೆಯಾಡಿಸಿದರೆ, ಆ ಪ್ರಾಮಾಣಿಕತೆಯನ್ನು ತಗೊಂಡು ಏನು ಉಪ್ಪಿನಕಾಯಿ ಹಾಕೋಣವೇ?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನೇ ತಪ್ಪು ತಿಳಿಯುತ್ತೀರಿ.

ನಾನು ಮೈಸೂರಿನ ಸರಸ್ವತಿಪುರಂನವನು. ಇಸವಿ ಎರಡು ಸಾವಿರಕ್ಕೆ ತಿರುಗಿದ ಕೂಡಲೇ ಪ್ರಪಂಚದ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆ ಎಂದು ಎಲ್ಲರೂ ಹೆದರಿ ಕೂತಿದ್ದಾರಲ್ಲ, ಆ ಹೆದರಿಕೆಯ ಪುಣ್ಯದಿಂದ ಕೆಲಸದ ಪರ್ಮಿಟ್ ಸಿಕ್ಕಿ ನೆದರ್‌ಲ್ಯಾಂಡ್ಸಿಗೆ ಬಂದೆ. ಮನೆ ಹಾರ್ಲೆಮ್‌ನಲ್ಲಿ, ಆಫೀಸು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಹಳೇ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಓದಿ, ಎಲ್ಲೆಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದು ಕೈ ತೊಳೆದುಕೊಂಡಿದ್ದಾರೋ ಅಲ್ಲೆಲ್ಲ ಬೆರಳಿಟ್ಟು ತೋರಿಸುವುದು ನನ್ನ ಕೆಲಸ. ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ದೇಶ ಎಂದು ಮೊದಲು ಬಹಳ ಖುಷಿಯಾಗಿತ್ತು. ಆಮೇಲೆ ಶನಿವಾರ ಬಂತು.

ಪರದೇಶದ ಶನಿವಾರ ಏನೆಂದು ಅನುಭವಿಸಿದವರಿಗೇ ಗೊತ್ತು. ಹೆಂಡತಿ ವಸುಧಾ ಡಚ್ ಭಾಷೆ ಕಲಿಯುವ ಕ್ಲಾಸಿಗೆ ಹೋಗುತ್ತಿದ್ದಳು. ನಾನು ಕಿಟಕಿಯ ಮುಂದೆ ಕೂತು ಎದುರು ಮನೆಯವರು ಪರದೆ ಹಾಕದೆ ಪೇಪರ್ ಓದುವುದನ್ನು ನೋಡುತ್ತಿದ್ದೆ. ಅವರು ತಲೆ ಎತ್ತಿದರೆ ನಾನು ತಲೆ ತಗ್ಗಿಸುತ್ತಿದ್ದೆ. ಹೀಗೆ ಒಂದು ಶನಿವಾರ ಬೇಸತ್ತು ಹೊರಬಿದ್ದವನು, ಮನೆ ಹಿಂದಿನ ಕಾಲುವೆ ದಾಟಿ, ಅಲ್ಲಿದ್ದ ಕಾಲೇಜಿನ ಮೈದಾನಕ್ಕೆ ಹೋಗಿ ಬೇಲಿಗೆ ಒರಗಿ ನಿಂತೆ. ಕಾಲೇಜಿನ ಹುಡುಗರು ಪಕ್ಕದೂರಿನವರ ಕೈಲಿ ಚೆನ್ನಾಗಿ ಒದೆ ತಿನ್ನುತ್ತಿದ್ದರು. ಬಾವುಟ ಹಿಡಿದ ಮುದುಕರೊಬ್ಬರು ವಿರಾಮದಲ್ಲಿ ನನ್ನ ಹತ್ತಿರ ಬಂದು, ನೀನು ಯಾರು, ಯಾಕೆ ಬಂದೆ ಎಂದು ಒಂದು ಮಾತೂ ಕೇಳದೆ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, ಜೊತೆಗೆ ಒಂದೇ ಒಂದು ಬಿಸ್ಕತ್ತು ಕೊಟ್ಟು, ಆಮೇಲಷ್ಟೇ ಹೆಸರು ಕೇಳಿದರು. ನಾನು ಈ ದೇಶಕ್ಕೆ ಬಂದ ಮೇಲೆ ಆಫೀಸಿನವರಲ್ಲದ ಒಬ್ಬರು ನನ್ನ ಹೆಸರು ಕೇಳಿದ್ದು ಅದೇ ಮೊದಲು. ಆವತ್ತಿನಿಂದ ಆ ತಂಡ ನನ್ನ ತಂಡವಾಯಿತು. ಹೆಚ್ಚು ಬಿಡಿಸಿ ಹೇಳಲಾರೆ. ಅದಿಲ್ಲದ ಶನಿವಾರ ನನಗೆ ಬೇಡ, ಅಷ್ಟೆ.

ಆ ಮುದುಕರು ವಿಮ್. ಅದೇ ಕಾಲೇಜಿನಲ್ಲಿ ಜ್ಯಾಮಿತಿ ಪಾಠ ಮಾಡಿ ನಿವೃತ್ತರಾದವರು, ಹಾಗಾಗಿ ನನ್ನ ಲೆಕ್ಕದಲ್ಲಿ ವಿಮ್ ಮೇಷ್ಟ್ರು. ನನ್ನ ಸಿಟ್ಟಿಗೆ ಗುರಿಯಾದ ಪ್ರಾಮಾಣಿಕರೂ ಇವರೇ.

ನನಗೊಬ್ಬ ಜೊತೆಗಾರನೂ ಸಿಕ್ಕಿದ. ರಿಯಾಜ್, ಬೆಂಗಳೂರಿನ ಆಸ್ಟಿನ್ ಟೌನಿನವನು, ನನ್ನ ಹಾಗೆಯೇ ಕಂಪ್ಯೂಟರಿನವನು. ಅವನ ಬೀದಿಯಲ್ಲಿ ಮಕ್ಕಳು ನಡೆಯುವ ಮೊದಲೇ ಚೆಂಡು ಒದೆಯುತ್ತವಂತೆ. ಅವನು ಫುಟ್‌ಬಾಲ್ ಬಲ್ಲವನು, ನಾನು ಬಾಯಿ ಬಲ್ಲವನು. ಇಬ್ಬರೂ ಸೇರಿ ಬೇಲಿಯ ಪಕ್ಕ ಕನ್ನಡದಲ್ಲಿ ತಂಡವನ್ನು ಬೈಯುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಪರಭಾಷೆಯವರ ನಡುವೆ ಜೋರಾಗಿ ಬೈಯುವ ಸುಖವನ್ನು ಇಲ್ಲಿ ವರ್ಣಿಸುವುದು ಬೇಡ, ಮನೆಯಲ್ಲಿ ಹಿರಿಯರೂ ಇದನ್ನು ಓದಬಹುದು.

ಈಗ ಆ ಬಾವುಟದ ವಿಚಾರ. ನಾವು ಆಡುವಂಥ ಸಣ್ಣ ಪಂದ್ಯಗಳಿಗೆ ಇಲ್ಲಿ ಒಬ್ಬ ರೆಫರಿಯನ್ನು ಮಾತ್ರ ಹೊರಗಿನಿಂದ ಕಳಿಸುತ್ತಾರೆ. ಅಂಚಿನಲ್ಲಿ ಬಾವುಟ ಹಿಡಿಯುವವರನ್ನು ಆಯಾ ತಂಡವೇ ಕೊಡಬೇಕು. ನಮ್ಮ ಗೋಲಿನ ಕಡೆ ನುಗ್ಗುವವರು ಆಫ್‌ಸೈಡ್ ಆದರೋ ಇಲ್ಲವೋ ಎಂದು ನಮ್ಮ ಮನುಷ್ಯ ನೋಡಬೇಕು, ಅವರ ಗೋಲಿನ ಕಡೆ ಅವರ ಮನುಷ್ಯ. ಆಫ್‌ಸೈಡ್ ಎಂದರೇನು ಎಂದು ವಸುಧಾ ಕೇಳಿದ್ದಳು. ಎದುರು ತಂಡದ ಕೊನೆಯ ಕಾವಲಿನವನನ್ನು ದಾಟಿ ಮೊದಲೇ ಒಳಗೆ ಹೋಗಿ ನಿಂತು, ಅಲ್ಲಿಗೆ ಚೆಂಡು ತರಿಸಿಕೊಳ್ಳಬಾರದು ಎಂದೆ. “ಓ, ಎಲೆ ಹಾಕೋಕ್ಕೆ ಮುಂಚೇನೇ ಹೋಗಿ ಪಂಕ್ತೀಲಿ ಕೂತುಬಿಡೋದು ಅನ್ನಿ” ಎಂದಳು. ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಈ ಏರ್ಪಾಟನ್ನು ಕೇಳಿದಾಗ ನನಗೆ ನನ್ನೂರಿಗೇ ಹೋದಷ್ಟು ಹಿತವಾಯಿತು. ನಮ್ಮ ಬೀದಿ ಕ್ರಿಕೆಟ್ಟಿನಲ್ಲೂ ಹೀಗೆಯೇ. ಬ್ಯಾಟ್ ಮಾಡುವ ಕಡೆಯವನೇ ಅಂಪೈರು. ಅವನು ಅಲ್ಲಿ ನಿಲ್ಲುವುದು ತನ್ನವರನ್ನು ಕಾಯುವುದಕ್ಕೆ, ಮತ್ತೇನಕ್ಕೂ ಅಲ್ಲ. ನನ್ನ ಇಡೀ ಬಾಲ್ಯದಲ್ಲಿ ಎಲ್‌ಬಿಡಬ್ಲ್ಯು ಎಂಬುದು ರೇಡಿಯೋ ಕಾಮೆಂಟರಿಯಲ್ಲಿ ಮಾತ್ರ ಆಗುತ್ತಿತ್ತು, ಸರಸ್ವತಿಪುರಂನಲ್ಲಿ ಯಾರಿಗೂ ಆದದ್ದಿಲ್ಲ. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ, ಏಕೆಂದರೆ ಎದುರಿನವರೂ ತಮ್ಮ ಸರದಿ ಬಂದಾಗ ಅದನ್ನೇ ಮಾಡುತ್ತಿದ್ದರು. ಹಾರ್ಲೆಮ್‌ನ ಸುತ್ತಮುತ್ತಲ ತಂಡಗಳೂ ಈ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವು. ನಮ್ಮ ಹುಡುಗರು ಅರ್ಧ ಮೈದಾನ ದಾಟಿದರೆ ಸಾಕು, ಅವರ ಬಾವುಟ ಆಕಾಶಕ್ಕೆ. ನಮ್ಮ ವಿಮ್ ಮೇಷ್ಟ್ರು ಮಾತ್ರ ಗೆರೆ ಎಂದರೆ ಗೆರೆ ಎಂದು ನೆಟ್ಟಗೆ ನಿಂತು, ಬಾವುಟವನ್ನು ಅನಿವಾರ್ಯವಾದಾಗ ಮಾತ್ರ ಎತ್ತುತ್ತಿದ್ದರು. ಅವರ ಅನಿವಾರ್ಯ ನಮಗೆ ಬೇಕಾದ ದಿನ ಯಾವತ್ತೂ ಬರಲಿಲ್ಲ. ಎರಡೂ ಕಡೆಯಿಂದ ಪೆಟ್ಟು ತಿಂದು ನಮ್ಮ ತಂಡ ಪಟ್ಟಿಯ ತಳ ಸೇರಿತು.

ಮೇ ತಿಂಗಳಲ್ಲಿ ಸೀಸನ್ ಮುಗಿದು ಮೌಲ್ಯಮಾಪನದ ಸಭೆ ಕರೆದರು. ಇಲ್ಲಿನವರಿಗೆ ಯಾವ ಕೆಲಸ ಮುಗಿದರೂ ಗುಂಡಗೆ ಕೂತು ಮೌಲ್ಯಮಾಪನ ಮಾಡಲೇಬೇಕು. ಆಫೀಸಿನ ಪಿಕ್ನಿಕ್ಕಿಗೂ ಮಾಡಿದ್ದರು. ನಾವೋ, ತಂಡ ಸೋತರೆ ಹೊಟ್ಟೆ ತುಂಬಾ ಬೈದು, ಅದೇ ಹೊಟ್ಟೆ ತುಂಬಾ ಉಂಡು ಮಲಗುವವರು. ಮೈದಾನದ ಕ್ಯಾಂಟೀನಿನಲ್ಲಿ ಆಟಗಾರರು, ಬೇಲಿ ಪಕ್ಕದ ಅಭಿಮಾನಿಗಳು ಎಲ್ಲರೂ ಸೇರಿದೆವು. ಕಾಲೇಜಿನ ಕ್ರೀಡಾ ವಿಭಾಗ ನೋಡಿಕೊಳ್ಳುವ ಮಾರೈಕೆ ಎಂಬಾಕೆ ಅಧ್ಯಕ್ಷೆ. ಒಬ್ಬೊಬ್ಬರೂ ಅಭಿಪ್ರಾಯ ಹೇಳಿದರು. ಎಲ್ಲರ ಅಭಿಪ್ರಾಯದಲ್ಲೂ ‘ಯಾಮ್ಮರ್’ ಎಂಬ ಶಬ್ದವಿತ್ತು. ಛೆ, ಪಾಪ, ಹೀಗಾಗಬಾರದಿತ್ತು ಎಂಬುದನ್ನೆಲ್ಲ ಸೇರಿಸಿ ಈ ಜನ ಅಷ್ಟರಲ್ಲೇ ಮುಗಿಸುತ್ತಾರೆ. ಸೋತದ್ದು ಯಾಮ್ಮರ್, ಆದರೆ ಎಲ್ಲರೂ ಒಟ್ಟಿಗಿದ್ದದ್ದು ಸಂತೋಷ. ಗೋಲ್‌ಕೀಪರನ ಕೈ ಜಾರುವುದು ಯಾಮ್ಮರ್, ಆದರೆ ಹುಡುಗ ಒಳ್ಳೆಯವನು. ಮುಂದಿನ ವರ್ಷ ಹೊಸಬರು ಬರುತ್ತಾರೆ, ಭವಿಷ್ಯವಿದೆ. ಇಷ್ಟು ಚೆನ್ನಾಗಿ ಸೋತವರಿಗೆ ಇಷ್ಟೂ ಸಂಕಟ ಬೇಡವೇ?

ಕೊನೆಗೆ ಮಾರೈಕೆ ಕನ್ನಡಕ ತೆಗೆದು ಇನ್ನೊಂದು ಯಾಮ್ಮರ್ ಹೇಳಿದಳು. ಚಳಿಗಾಲದ ರಜೆಯ ಹೊತ್ತಿಗೂ ತಂಡ ತಳದಲ್ಲೇ ಇದ್ದರೆ, ಅದನ್ನು ಮುಚ್ಚಿ ಮೈದಾನವನ್ನು ಹಾಕಿ ಆಟದವರಿಗೆ ಕೊಡುವ ಯೋಚನೆ ಕಾಲೇಜಿಗಿದೆ.

“ನೋಡು ಸತೀಶ” ಎಂದ ರಿಯಾಜ್ ಕನ್ನಡದಲ್ಲಿ. “ಸ್ಕೂಲಲ್ಲಿ ನಮ್ಮ ದೇಶದ ಆಟ ಹಾಕಿ ಅಂತ ಬಾಯಿಪಾಠ ಮಾಡಿಸಿದ್ರು. ಅದೇ ಈಗ ನಮ್ಮ ಬುಡಕ್ಕೇ ಬಂದಿದೆ ಯಾರ್.”

ನನ್ನ ಕಣ್ಣ ಮುಂದೆ ಎದುರು ಮನೆಯ ಕಿಟಕಿ ಬಂತು, ಅದರೊಳಗಿನ ಪೇಪರ್ ಬಂತು. ಎದ್ದು ನಿಂತೆ. ನಾವು ಸೋಲುತ್ತಿರುವುದು ಗೋಲ್‌ಕೀಪರನಿಂದಲ್ಲ, ಬಾವುಟದಿಂದ ಎಂದೆ. ಎಲ್ಲ ತಂಡಗಳ ಬಾವುಟವೂ ಅವರವರ ತಂಡಕ್ಕೆ ದುಡಿಯುತ್ತದೆ, ನಮ್ಮದು ಮಾತ್ರ ಜ್ಯಾಮಿತಿಗೆ ದುಡಿಯುತ್ತಿದೆ ಎಂದೆ. ಕೂತ ಮೇಲೆ, ಕಾಫಿ ಕೊಟ್ಟವರನ್ನೇ ಆಡಿಕೊಂಡೆನಲ್ಲ ಎನ್ನಿಸಿತು, ಆದರೂ ಸಿಟ್ಟು ಇಳಿಯಲಿಲ್ಲ.

ಯಾರಾದರೂ ನನ್ನ ಮೇಲೆ ಹರಿಹಾಯುತ್ತಾರೆ ಎಂದು ಕಾದೆ. ಯಾರೂ ಮುಖ ಕೂಡ ಗಂಟಿಕ್ಕಲಿಲ್ಲ. ಮಾರೈಕೆ ಪ್ರೀತಿಯಿಂದಲೇ ನನ್ನ ಕಡೆ ನೋಡಿ, “ಒಳ್ಳೆಯ ಮಾತು. ಹಾಗಾದರೆ ಮುಂದಿನ ಸೀಸನ್‌ಗೆ ಬಾವುಟ ನೀವೇ ಹಿಡಿಯುತ್ತೀರಾ?” ಎಂದಳು. ದೂರು ಹೇಳಿದವನಿಗೇ ಕೆಲಸ ಅಂಟಿಸುವುದು ಈ ದೇಶದ ಸಂಪ್ರದಾಯ ಎಂದು ನನಗೆ ಯಾರೂ ಹೇಳಿರಲಿಲ್ಲ. ವಿಮ್ ಮೇಷ್ಟ್ರು ಎದ್ದು ಬಂದು ಬಾವುಟವನ್ನು ನನ್ನ ಕೈಗಿತ್ತು, “ಕೊನೆಯ ಕಾವಲಿನವನ ನೇರಕ್ಕೆ ನಿಲ್ಲು, ಅಷ್ಟೇ ಕೆಲಸ” ಎಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಅದೂ ನನಗೆ ಸಿಟ್ಟೇ ತರಿಸಿತು.

ಮೋಸ ಮಾಡಬೇಕೆಂದು ತಯಾರಾಗಿಯೇ ಸೆಪ್ಟೆಂಬರಿನಲ್ಲಿ ಮೈದಾನಕ್ಕಿಳಿದೆ. ಆದರೆ ಮೋಸಕ್ಕೆ ಪುರುಸೊತ್ತು ಬೇಕು ಸ್ವಾಮಿ. ಇಪ್ಪತ್ತು ವರ್ಷದ ಹುಡುಗರ ನೇರಕ್ಕೆ, ಕೆಸರಿನಲ್ಲಿ, ಕುರ್ಚಿಯಲ್ಲಿ ಕೂತು ಬೆಳೆಸಿದ ಹೊಟ್ಟೆ ಹೊತ್ತುಕೊಂಡು ಓಡುವುದರಲ್ಲೇ ನನ್ನ ಉಸಿರು ಹೋಗುತ್ತಿತ್ತು. ಗೆರೆ ನೋಡಬೇಕು, ಕಾಲು ನೋಡಬೇಕು, ಚೆಂಡು ನೋಡಬೇಕು. ಇಷ್ಟೆಲ್ಲ ನೋಡಿದ ಮೇಲೆ ಕಂಡದ್ದನ್ನು ಹೇಳಿಬಿಡುವುದೇ ಸುಲಭವಾಗಿತ್ತು. ಒಂದು ಸಲ ಧೈರ್ಯ ಮಾಡಿ ಸುಳ್ಳು ಬಾವುಟ ಎತ್ತಿದ್ದೂ ಉಂಟು. ರೆಫರಿ ನನ್ನನ್ನು ನೋಡಿ ನಕ್ಕು ಆಟ ಮುಂದುವರಿಸಿದರು. ಸರಸ್ವತಿಪುರಂನಲ್ಲಿ ಅಂಪೈರನನ್ನು ನೋಡಿ ನಗುವ ಅಧಿಕಾರ ಯಾರಿಗೂ ಇರಲಿಲ್ಲ.

ಡಿಸೆಂಬರಿನ ಕೊನೆಯ ಪಂದ್ಯ ಬಂತು. ಗೆದ್ದರೆ ತಳದಿಂದ ಒಂದು ಮೆಟ್ಟಿಲು ಮೇಲೆ, ಇಲ್ಲದಿದ್ದರೆ ಹಾಕಿ. ನಮ್ಮ ಹುಡುಗರು ಅದ್ಯಾವ ದೇವರ ದಯೆಯೋ ಒಂದು ಗೋಲು ಮುಂದಿದ್ದರು. ಮುಗಿಯುವ ಹೊತ್ತಿಗೆ ಎದುರು ತಂಡದ ಕೆಂಪು ಕೂದಲಿನವನೊಬ್ಬ ನನ್ನ ಮುಂದಿನಿಂದಲೇ ನುಗ್ಗಿದ. ಚೆಂಡು ಅವನ ಕಡೆ ಹೊರಟ ಕ್ಷಣದಲ್ಲಿ ನಾನು ನೋಡಿದೆ, ಅವನೂ ನಮ್ಮ ಕೊನೆಯ ಹುಡುಗನೂ ಸರಿಸಮ ಇದ್ದರು. ಸರಿಸಮ ಇದ್ದರೆ ಆಫ್‌ಸೈಡ್ ಅಲ್ಲ. ಬಾವುಟ ನನ್ನ ಕೈಯಲ್ಲೇ ಇತ್ತು, ಎತ್ತಿದರೆ ತಂಡ ಉಳಿಯುತ್ತಿತ್ತು, ನನ್ನ ಶನಿವಾರ ಉಳಿಯುತ್ತಿತ್ತು. ಕೈ ಮೇಲೇಳಲಿಲ್ಲ. ಗೋಲಾಯಿತು. ಪಂದ್ಯ ಸಮವಾಗಿ ಮುಗಿಯಿತು, ನಾವು ತಳದಲ್ಲೇ ಉಳಿದೆವು.

ಬೇಲಿಯ ಆಚೆಯಿಂದ ರಿಯಾಜ್ ಬೈಯುತ್ತಿದ್ದ, ಅದು ಗೊತ್ತಿದ್ದದ್ದೇ. ಅವನ ದನಿಯನ್ನೂ ಮೀರಿ ಇನ್ನೊಂದು ದನಿ ಕೇಳುತ್ತಿತ್ತು. ತಿರುಗಿ ನೋಡಿದೆ. ವಿಮ್ ಮೇಷ್ಟ್ರು. ಟೋಪಿ ಕೈಗೆ ಬಂದಿತ್ತು, ಮುಖ ಕೆಂಪಗಾಗಿತ್ತು. “ಆಫ್‌ಸೈಡ್. ಕಣ್ಣು ಕಾಣಿಸುವುದಿಲ್ಲವೇ ನಿನಗೆ? ಯಾರ ಕಡೆಯವನು ನೀನು?”

ಯಾರ ಕಡೆಯವನಂತೆ. ಅಷ್ಟು ವರ್ಷ ಗೆರೆ ಎಂದರೆ ಗೆರೆ ಎಂದವರು, ಬಾವುಟ ಕೈಬಿಟ್ಟು ಒಂದು ವರ್ಷ ಕೂಡ ಆಗುವ ಮೊದಲೇ ಕೇಳುವ ಪ್ರಶ್ನೆಯೇ ಇದು? ಪಂದ್ಯ ಮುಗಿದ ಮೇಲೆ ನೇರ ಹೋಗಿ, “ಮೇಷ್ಟ್ರೇ, ನೀವಾಗಿದ್ದರೆ ಎತ್ತುತ್ತಿದ್ದಿರಾ?” ಎಂದೆ. “ನನ್ನ ಮಾತು ಬೇರೆ. ನಾನು ಆವಾಗ ಬೇಲಿಯ ಒಳಗಿದ್ದೆ” ಎಂದು ಮುಖ ತಿರುಗಿಸಿದರು.

ಜನವರಿಯ ಸಭೆಯಲ್ಲಿ ಮಾರೈಕೆ ತಂಡ ಮುಚ್ಚುವ ಮಾತು ಎತ್ತಿದಳು, ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳಿದಳು. ಈ ದೇಶದಲ್ಲಿ ಎಲ್ಲರೂ ಒಪ್ಪದೆ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಆಟಗಾರರು ಯಾಮ್ಮರ್ ಎಂದರು. ಆದರೆ ವಿಮ್ ಮೇಷ್ಟ್ರು ಮೇಜು ಗುದ್ದಿ, ಅದು ಆಫ್‌ಸೈಡ್, ಆದ್ದರಿಂದ ನಾವು ಗೆದ್ದಿದ್ದೇವೆ, ಆದ್ದರಿಂದ ತಳದಲ್ಲಿಲ್ಲ ಎಂದರು. ಅದು ಆಫ್‌ಸೈಡ್ ಅಲ್ಲ ಎಂದು ನಾನು ಅವರಿಗಿಂತ ಜೋರಾಗಿ ಗುದ್ದಿದೆ. ಅಲ್ಲದಿದ್ದರೂ ಎತ್ತಬೇಕಿತ್ತು ಎಂದು ರಿಯಾಜ್ ನಮ್ಮಿಬ್ಬರ ಮೇಲೂ ರೇಗಿದ. ಮಾರೈಕೆ ಮೂರು ಕಡೆಗೂ ನೋಡಿ, ಕಾಫಿ ತರಿಸಿ, ಕಾದು, ಇನ್ನೊಮ್ಮೆ ಕಾಫಿ ತರಿಸಿದಳು. ಕೊನೆಗೆ, ಒಮ್ಮತವಿಲ್ಲದ ಕಾರಣ ವಿಷಯವನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ ಎಂದು ಹೇಳಿ ಚೀಲ ಎತ್ತಿಕೊಂಡಳು. ಹುಡುಗರೆಲ್ಲ ಒಳ್ಳೆಯ ಮನಸ್ಸಿನಿಂದ ತಂಡವನ್ನು ಬಿಟ್ಟುಕೊಡಲು ತಯಾರಿದ್ದರು. ಅದು ಉಳಿದದ್ದು ಮೂವರು ಸಿಡುಕರಿಂದ.

“ಅಂತೂ ನಿಮ್ಮ ಬಾಯಿ ಒಂದು ಸಲ ಕೆಲಸಕ್ಕೆ ಬಂತೂರೀ” ಎಂದಳು ವಸುಧಾ.

ಈಗ ಮತ್ತೆ ಶನಿವಾರ. ನಾನು ಬಾವುಟ ಹಿಡಿದು ಗೆರೆಯ ಮೇಲೆ ನಿಂತಿದ್ದೇನೆ. ಬೆನ್ನ ಹಿಂದೆ ರಿಯಾಜ್ ಕನ್ನಡದಲ್ಲಿಯೂ ವಿಮ್ ಮೇಷ್ಟ್ರು ಡಚ್ಚಿನಲ್ಲಿಯೂ ನನ್ನ ಜನ್ಮ ಜಾಲಾಡುತ್ತಿದ್ದಾರೆ. ವಿರಾಮದಲ್ಲಿ ಮೇಷ್ಟ್ರು ಬಂದು, ನನ್ನ ಮುಖ ನೋಡದೆ ಕಾಫಿ ಬಗ್ಗಿಸಿ ಕೊಟ್ಟರು. ಬಿಸ್ಕತ್ತು ಕೊಡಲಿಲ್ಲ. ಕೇಳಿದ್ದಕ್ಕೆ, ಅದು ಆಫ್‌ಸೈಡ್ ಎಂದು ಒಪ್ಪಿಕೊಂಡ ದಿನ ಕೊಡುತ್ತೇನೆ ಎಂದರು. ಕಾಫಿ ಬಿಸಿಯಾಗಿತ್ತು. ಬರೀ ಕಾಫಿಯನ್ನೇ ಕುಡಿದು ಗೆರೆಗೆ ವಾಪಸಾದೆ.