ಸೈರನ್ನಿಗೆ ಮುಟ್ಟದ ಸುದ್ದಿ

ಶಿಡ್ಲಘಟ್ಟದ ಹತ್ತಿರ ಒಂದು ರೇಷ್ಮೆ ಹುಳುಮನೆಯ ಕಂಪ್ಯೂಟರ್ ನೋಡಲು ಹೋಗಿದ್ದೆ. ಬಿಸಿ ಏರಿದರೆ ಅಂಗೈಯಗಲದ ಆ ಯಂತ್ರ ಸೈರನ್ ಹೊಡೆಯಬೇಕಿತ್ತು. ಹೊಡೆದಿರಲಿಲ್ಲ. ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಸತ್ತಿದ್ದವು.

“ಬಿಸಿಯಾಗಿದ್ದು ಅದಕ್ಕೆ ಗೊತ್ತಾಗ್ಲಿಲ್ವೇನಪ್ಪಾ?” ಹುಳು ಸಾಕಿದ್ದ ರತ್ನಮ್ಮ ಕೇಳಿದರು.

“ಗೊತ್ತಾಗಿದೆ ಅಮ್ಮ. ಬಿಸಿ ನೋಡೋ ಪ್ರೋಗ್ರಾಂ ಬೇರೆ, ಸೈರನ್ ಹೊಡೆಯೋದು ಬೇರೆ. ಇದರ ಮಾತು ಅದಕ್ಕೆ ಮುಟ್ಟಿಸೋಕೆ ಮೆಸೇಜ್ ಬಸ್ ಅಂತ ಇನ್ನೊಂದು ಪ್ರೋಗ್ರಾಂ ಇರುತ್ತೆ. ಚಿಕ್ಕ ಕಂಪ್ಯೂಟರಿಗೆ ಭಾರ ಅಂತ, ಕೂರಿಸಿದೋರು ಅದನ್ನ ತೆಗೆದುಬಿಟ್ಟಿದ್ದಾರೆ.”

“ಪಕ್ಕದ ತೋಟದಲ್ಲೇ ಸೊಪ್ಪು ಕುಯ್ತಿದ್ದೆ ಕಣಪ್ಪಾ. ಕೂಗಿದ್ರೆ ಬಂದು ಕಿಟಕಿ ತೆಗೀತಿದ್ದೆ.”

ನಾನು ಆ ಮೆಸೇಜ್ ಬಸ್ಸನ್ನು ಮತ್ತೆ ಹಾಕಿ, ಸೆನ್ಸರ್ ಹತ್ತಿರ ಬಿಸಿನೀರಿನ ಲೋಟ ಹಿಡಿದೆ. ಸೈರನ್ ಜೋರಾಗಿ ಕೂಗಿತು. ಅಕ್ಕಪಕ್ಕದವರೆಲ್ಲ ಓಡಿಬಂದು, ಹುಳು ಸಾಕುವ ಖಾಲಿ ತಟ್ಟೆಗಳ ಮುಂದೆ ನಿಂತು, ಏನಾಯಿತೆಂದು ಕೇಳಿದರು.

“ಏನಿಲ್ಲ, ರಿಪೇರಿ ಆಯ್ತು,” ಎಂದೆ.